ದನದ ಡಾಕ್ಟರಾಗುವ ಹಾದಿ: ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಜೀವನ

ಪ್ರತಿ ವರ್ಷ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ, ಮಣ್ಣು ಪರೀಕ್ಷೆಗೋ ಬಿತ್ತನೆ ಬೀಜಕ್ಕೋ ವಿಶ್ವವಿದ್ಯಾನಿಲಯಕ್ಕೆ ಬರುವ ರೈತರು ಬಂದ ಕೆಲಸ ಮುಗಿಸಿ ಏಳುವಾಗ ಒಂದು ಮಾತು ಕೇಳುತ್ತಾರೆ. “ನಮ್ಮ ಹುಡುಗ ವಿಜ್ಞಾನ ಓದಿದ್ದಾನೆ ಸಾರ್. ದನದ ಡಾಕ್ಟರ್ ಓದಿಗೆ ಸೇರಿಸಬಹುದೇ? ಅಲ್ಲಿ ಏನೇನು ಕಲಿಸುತ್ತಾರೆ? ಮಗಳನ್ನು ಕಳಿಸಿದರೆ ಆ ಕೆಲಸ ಅವಳ ಕೈಲಾದೀತೇ?” ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸುವ ಪ್ರಶ್ನೆಗಳಲ್ಲ ಇವು. ಮಕ್ಕಳ ಐದಾರು ವರ್ಷಗಳ ಬಾಳು, ಮನೆಯ ಹಣ, ನಿಮ್ಮ ಊರಿನ ದನಕರುಗಳ ಆರೋಗ್ಯ, ಈ ಮೂರೂ ಈ ಪ್ರಶ್ನೆಯಲ್ಲಿ ಸೇರಿಕೊಂಡಿವೆ.

ಈ ಲೇಖಕ ಬೇಸಾಯ ಶಾಸ್ತ್ರದವನು, ಪಶುವೈದ್ಯನಲ್ಲ. ಆದರೆ ಮೇವಿನ ಬೆಳೆಗಳ ಕೆಲಸದಿಂದಾಗಿ ಪಶುವೈದ್ಯಕೀಯ ವಿದ್ಯಾರ್ಥಿಗಳನ್ನು ಹತ್ತಿರದಿಂದ ನೋಡುವ ಅವಕಾಶ ದೊರೆತಿದೆ. ಹೊರಗಿನವನ ಕಣ್ಣಿಗೆ ಕಂಡದ್ದನ್ನೂ, ಆ ವಿದ್ಯಾರ್ಥಿಗಳೂ ಅವರ ಗುರುಗಳೂ ತಿಳಿಸಿದ್ದನ್ನೂ ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಕಾಲೇಜುಗಳು ಬಂದ ಬಗೆ

ಜಗತ್ತಿನ ಮೊದಲ ಪಶುವೈದ್ಯಕೀಯ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯೋ ನಗರದಲ್ಲಿ ಪ್ರಾರಂಭವಾಯಿತು. ದೊಡ್ಡರೋಗ ಬಂದು ದನಗಳು ಹಿಂಡುಹಿಂಡಾಗಿ ಸಾಯುತ್ತಿದ್ದ ಕಾಲ ಅದು. ನಮ್ಮ ದೇಶದಲ್ಲಿ 1886ರಲ್ಲಿ ಮುಂಬಯಿಯಲ್ಲಿ, 1903ರಲ್ಲಿ ಮದರಾಸಿನಲ್ಲಿ ಕಾಲೇಜುಗಳು ತೆರೆದವು. ಕನ್ನಡ ನಾಡಿನ ಹುಡುಗರು ಬಹುಕಾಲ ಈ ಊರುಗಳಿಗೇ ಹೋಗಿ ಓದಿ ಬರಬೇಕಾಗಿತ್ತು. 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಪ್ರಾರಂಭವಾದ ಮೇಲೆ ಆ ತಾಪತ್ರಯ ತಪ್ಪಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಈ ಕಾಲೇಜು ಅದರ ಅಂಗವಾಯಿತು. 1985ರಲ್ಲಿ ಬೀದರಿನಲ್ಲಿ ಎರಡನೆಯ ಕಾಲೇಜು ಬಂದಿತು. ಮುಂದೆ ಬೀದರನ್ನು ಕೇಂದ್ರವಾಗಿಟ್ಟುಕೊಂಡು ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯವಾಗಿ, ಈ ಕಾಲೇಜುಗಳು ಅದರ ಆಡಳಿತಕ್ಕೆ ಸೇರಿದವು. ಹಾಸನ, ಶಿವಮೊಗ್ಗ, ಗದಗ ಮುಂತಾದ ಕಡೆಗಳಲ್ಲಿಯೂ ಈಗ ಕಾಲೇಜುಗಳಿವೆ.

ದೊಡ್ಡರೋಗದ ಕಥೆ ಏನಾಯಿತೆಂದು ನೀವು ಕೇಳಬಹುದು. ಲಸಿಕೆಯ ಬಲದಿಂದ 2011ರಲ್ಲಿ ಅದು ಇಡೀ ಭೂಮಂಡಲದಿಂದಲೇ ತೊಲಗಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಹೀಗೆ ಬೇರುಸಹಿತ ಹೋದ ರೋಗ ಇದೊಂದೇ. ಹಳ್ಳಿಹಳ್ಳಿ ತಿರುಗಿ ಸೂಜಿ ಚುಚ್ಚಿದ ಪಶುವೈದ್ಯರ ಕೆಲಸ ಎಂಥದೆಂದು ಇದರಿಂದ ತಿಳಿಯಬಹುದು.

ಸೇರುವುದು ಹೇಗೆ?

ಪದವಿಯ ಹೆಸರು ಬಿ.ವಿ.ಎಸ್‌ಸಿ. ಮತ್ತು ಎ.ಎಚ್. ಪಶುವೈದ್ಯಕೀಯ ಮತ್ತು ಪಶುಸಂಗೋಪನೆ ಎರಡೂ ಇದರಲ್ಲಿ ಸೇರಿವೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ರಾಜ್ಯದ ಸ್ಥಾನಗಳು ಪರೀಕ್ಷಾ ಪ್ರಾಧಿಕಾರದ ಮೂಲಕ ತುಂಬುತ್ತವೆ. ಶೇಕಡಾ 15ರಷ್ಟು ಸ್ಥಾನಗಳನ್ನು ಭಾರತೀಯ ಪಶುವೈದ್ಯಕೀಯ ಪರಿಷತ್ತು ನೀಟ್ ಪರೀಕ್ಷೆಯ ಆಧಾರದ ಮೇಲೆ ಇಡೀ ದೇಶದ ವಿದ್ಯಾರ್ಥಿಗಳಿಗೆ ಹಂಚುತ್ತದೆ. ಬೇಸಾಯಗಾರರ ಮಕ್ಕಳಿಗಾಗಿ ಮೀಸಲಿಟ್ಟ ಸ್ಥಾನಗಳೂ ಇವೆ. ಇವಕ್ಕೆ ಅರ್ಜಿ ಹಾಕುವವರಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಹೊಲ, ಕೊಟ್ಟಿಗೆಗಳ ಬಳಕೆ ನಿಜವಾಗಿ ಉಂಟೇ ಎಂಬುದು ಅಲ್ಲಿ ಬಯಲಾಗುತ್ತದೆ. ಆದುದರಿಂದ ಓದುವ ಮಕ್ಕಳನ್ನು ಮನೆಗೆಲಸದಿಂದ ಪೂರ್ತಿ ದೂರವಿಡಬೇಡಿ. ಬೀಜ, ಕಾಳು, ಮುಟ್ಟುಗಳ ಪರಿಚಯ ಅವರಿಗೆ ಇರಲಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕಬೇಕು.

ಪದವಿಯ ಅವಧಿ ಐದೂವರೆ ವರ್ಷ. ಇದರಲ್ಲಿ ನಾಲ್ಕೂವರೆ ವರ್ಷ ಪಾಠ, ಪ್ರಯೋಗ, ಆಸ್ಪತ್ರೆಯ ಕೆಲಸ, ಉಳಿದ ಒಂದು ವರ್ಷ ಕಡ್ಡಾಯ ತರಬೇತಿ. ಕೃಷಿ ಪದವಿ 4 ವರ್ಷಕ್ಕೆ ಮುಗಿಯುತ್ತದೆ. ಒಂದೂವರೆ ವರ್ಷ ಹೆಚ್ಚಿನ ಖರ್ಚಿಗೆ ಮನೆಯವರು ಮೊದಲೇ ಮನಸ್ಸು ಮಾಡಿರಬೇಕು.

ಮೊದಲ ವರ್ಷ: ಎಲುಬು ಮತ್ತು ಎಮ್ಮೆ

ಮೊದಲ ವರ್ಷದ ಹುಡುಗರನ್ನು ಗುರುತಿಸುವುದು ಸುಲಭ. ಅವರ ಬಿಳಿ ಕೋಟಿನಿಂದ ಫಾರ್ಮಲಿನ್ನಿನ ಖಾರವಾದ ವಾಸನೆ ಹೊಡೆಯುತ್ತಿರುತ್ತದೆ. ಕೊಳೆಯದಂತೆ ಆ ದ್ರಾವಣದಲ್ಲಿ ಕಾಪಿಟ್ಟ ಪ್ರಾಣಿಯ ದೇಹವನ್ನು ತಿಂಗಳುಗಟ್ಟಲೆ ಪದರಪದರವಾಗಿ ಬಿಡಿಸಿ ಕಲಿಯುವುದೇ ಅಂಗರಚನಾ ಶಾಸ್ತ್ರ. ಮೊದಲ ದಿನಗಳಲ್ಲಿ ಕಣ್ಣಲ್ಲಿ ನೀರು, ಊಟ ಸೇರದು. ಎರಡು ವಾರ ಕಳೆದರೆ ಕೈ ತೊಳೆದು ನೆಮ್ಮದಿಯಾಗಿ ಉಣ್ಣುತ್ತಾರೆ.

ಮನುಷ್ಯರ ವೈದ್ಯಕೀಯ ಓದುವವರು ಒಂದು ದೇಹವನ್ನು ಕಲಿತರೆ ಸಾಕು. ಇವರು ಹಸುವನ್ನು ಮಾದರಿಯಾಗಿಟ್ಟುಕೊಂಡು ಎಮ್ಮೆ, ಕುರಿ, ಮೇಕೆ, ಕುದುರೆ, ಹಂದಿ, ನಾಯಿ, ಕೋಳಿಗಳಲ್ಲಿ ಏನೇನು ವ್ಯತ್ಯಾಸವೆಂದು ಕಲಿಯಬೇಕು. ಕುದುರೆಗೆ ಪಿತ್ತಕೋಶವಿಲ್ಲ. ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕೆಳಗೆ ಮಾತ್ರ 8. “ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ” ಎಂದು ಸಂತೆಯಲ್ಲಿ ನೀವು ಹೇಳುವ ಲೆಕ್ಕವನ್ನೇ ಅಲ್ಲಿ ಪುಸ್ತಕದಿಂದ ಕಲಿಸುತ್ತಾರೆ. ರೈತರ ಮಕ್ಕಳಿಗೆ ಇದು ತಿಳಿದ ವಿಷಯ. ಪೇಟೆಯ ಹುಡುಗರು ಅವರ ಬಳಿ ಬಂದು ಕೇಳಿ ಕಲಿಯುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದಾದ ರೂಮೆನ್ ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಮೀರಿ ಹಿಡಿಯುತ್ತದೆ. ಅದರ ಪಕ್ಕದಲ್ಲಿ, ಜೇನುಗೂಡಿನಂತಹ ಒಳಮೈ ಇರುವ ಚಿಕ್ಕ ಕೋಣೆ ರೆಟಿಕ್ಯುಲಂ. ಮೇವಿನ ಜೊತೆ ಹೋದ ತಂತಿ ಚೂರು, ಮೊಳೆ ಇಲ್ಲಿ ತಂಗುತ್ತವೆ. ಇದಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ತಂತಿ ಮುಂದಕ್ಕೆ ಚುಚ್ಚಿದರೆ ಹೃದಯದ ಚೀಲಕ್ಕೇ ತಗಲುತ್ತದೆ. ಇದನ್ನು ದೇಹದಲ್ಲಿ ಕಣ್ಣಾರೆ ಕಂಡ ವಿದ್ಯಾರ್ಥಿ ಮುಂದೆ ಯಾವ ರೈತನ ಅಂಗಳಕ್ಕೆ ಹೋದರೂ ಹುಲ್ಲಿನ ಬಣವೆಯ ಸುತ್ತ ಬೇಲಿಯ ತಂತಿ ಬಿದ್ದಿದೆಯೇ ಎಂದು ಮೊದಲು ನೋಡುತ್ತಾನೆ. ನೀವೂ ನೋಡಿಕೊಳ್ಳಿ.

ಪುಸ್ತಕದ ಜೊತೆಗೆ ಕೊಟ್ಟಿಗೆಯ ಪಾಠವೂ ಮೊದಲ ವರ್ಷದಿಂದಲೇ ಇದೆ. ಬೆಳಗಿನ ಜಾವ ಎದ್ದು ಕಾಲೇಜಿನ ಹಿಂಡಿನಲ್ಲಿ ಕೆಲಸಕ್ಕೆ ಹೋಗಬೇಕು. ಸಗಣಿ ಬಾಚುವುದು, ಮೈ ತೊಳೆಯುವುದು, ಹಾಲು ಕರೆಯುವುದು, ಕರುವಿಗೆ ಗಿಣ್ಣುಹಾಲು ಕುಡಿಸುವುದು, ಹಗ್ಗ ಹಾಕಿ ಎತ್ತನ್ನು ಕೆಡಹುವುದು, ಮೂಗುದಾಣ ಹಿಡಿಯುವುದು ಇವೆಲ್ಲವನ್ನೂ ಮಾಡಿ ತೋರಿಸಿದರೆ ಮಾತ್ರ ಅಂಕ. ಎಮ್ಮೆಗೆ ಹೊಸಬರು ಆಗಿಬಾರದು. ತೊರೆ ಬಿಡದೆ ನಿಂತು ಹುಡುಗರ ತಾಳ್ಮೆಯನ್ನು ಪರೀಕ್ಷೆ ಮಾಡುತ್ತದೆ. ಒದೆ ತಿನ್ನದೆ ಪದವಿ ಪಡೆದವರು ಯಾರೂ ಇಲ್ಲವೆಂದು ವಿದ್ಯಾರ್ಥಿಗಳೇ ನಗುತ್ತಾ ಹೇಳುತ್ತಾರೆ.

ಮೇವಿನ ತಾಕಿನಲ್ಲಿ

ಈ ವಿದ್ಯಾರ್ಥಿಗಳು ನಮ್ಮಂಥ ಬೇಸಾಯ ಶಾಸ್ತ್ರಜ್ಞರ ಕೈಗೆ ಸಿಗುವುದು ಮೇವಿನ ತಾಕಿನಲ್ಲಿ. ಸಂಕರಣ ನೇಪಿಯರ್, ಆಫ್ರಿಕನ್ ಟಾಲ್ ಮುಸುಕಿನ ಜೋಳ, ಕುದುರೆ ಮಸಾಲೆ ಸೊಪ್ಪು, ಅಲಸಂದೆ ಇವುಗಳನ್ನು ಅವರೇ ನೆಟ್ಟು, ಕೊಯ್ದು, ತೂಗಿ, ಒಣಗಿಸಿ ಲೆಕ್ಕ ಹಾಕಬೇಕು. ಲೆಕ್ಕ ಕಠಿಣವಾದುದಲ್ಲ. ಹಸು ತನ್ನ ತೂಕದ ಶೇಕಡಾ 2.5ರಿಂದ 3ರಷ್ಟು ಒಣ ಅಂಶವನ್ನು ದಿನಕ್ಕೆ ತಿನ್ನುತ್ತದೆ. 400 ಕಿಲೋ ತೂಗುವ ಹಸುವಿಗೆ 10ರಿಂದ 12 ಕಿಲೋ ಒಣ ಅಂಶ ಬೇಕು. ಹಸಿರು ಮೇವಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ 30 ಕಿಲೋ ಹಸಿರು ಮೇವು ಹಾಕಿದರೂ ಸಿಗುವುದು ಸುಮಾರು 6 ಕಿಲೋ ಒಣ ಅಂಶ. ಉಳಿದುದನ್ನು ಹುಲ್ಲು, ಹಿಂಡಿಗಳಿಂದ ತುಂಬಬೇಕು. ರೋಗಕ್ಕೆ ಔಷಧಿ ಕೊಡುವುದನ್ನು ಕಲಿಯುವ ಮೊದಲು ಹಸಿವಿಗೆ ಮೇವು ಕೊಡುವುದನ್ನು ಕಲಿಸುವುದು ಈ ಪಾಠದ ತಿರುಳು. ಅನೇಕ ವೇಳೆ ಬೆದೆಗೆ ಬಾರದ ಕಡಸಿಗೆ ಬೇಕಾಗಿರುವುದು ಸೂಜಿಮದ್ದಲ್ಲ, ಹೊಟ್ಟೆ ತುಂಬ ಮೇವು ಮತ್ತು ಒಂದು ಹಿಡಿ ಖನಿಜ ಮಿಶ್ರಣ.

ಜೋಳದ ತಾಕಿನಲ್ಲಿ ಇನ್ನೊಂದು ಪಾಠವಿದೆ. ಎಳೆಯ ಜೋಳದಲ್ಲಿ, ಮಳೆಯಿಲ್ಲದೆ ಸೊರಗಿದ ಜೋಳದಲ್ಲಿ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯಲ್ಲಿ ಸಯನೈಡ್ ವಿಷ ಹುಟ್ಟಿಸುವ ಅಂಶ ಹೆಚ್ಚಾಗಿರುತ್ತದೆ. ಹಸಿದ ದನ ನುಗ್ಗಿ ಮೇಯ್ದರೆ ಗಂಟೆಯೊಳಗೆ ಉಸಿರು ಕಟ್ಟಿ ಬೀಳಬಹುದು. ಬೇಗ ಸಿಕ್ಕಿದರೆ ರಕ್ತನಾಳಕ್ಕೆ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಕೊಟ್ಟು ಬದುಕಿಸಲು ಸಾಧ್ಯ. ಹೂ ಬಿಡುವ ಮುನ್ನ ಜೋಳದ ಹೊಲಕ್ಕೆ ದನ ಬಿಡಬಾರದೆಂದು ನಾವು ಹೇಳುತ್ತೇವೆ. ಬಿಟ್ಟರೆ ಏನಾಗುತ್ತದೆಂದು ಅವರು ಆಸ್ಪತ್ರೆಯಲ್ಲಿ ಕಾಣುತ್ತಾರೆ.

ನಡುವಣ ವರ್ಷಗಳು

ಎರಡನೆಯ ವರ್ಷದಿಂದ ಓದಿನ ಹೊರೆ ಏರುತ್ತದೆ. ಸೂಕ್ಷ್ಮಾಣುಜೀವಿ ಶಾಸ್ತ್ರ, ಪರೋಪಜೀವಿ ಶಾಸ್ತ್ರ, ರೋಗಶಾಸ್ತ್ರ, ಔಷಧ ಶಾಸ್ತ್ರ, ಪಶು ಆಹಾರ, ತಳಿ ಸಂವರ್ಧನೆ, ಹಾಲು ಮತ್ತು ಮಾಂಸದ ತಪಾಸಣೆ ಇವೆಲ್ಲ ಸಾಲಾಗಿ ಬರುತ್ತವೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಯೋಗಶಾಲೆ, ರಾತ್ರಿ ಪುಸ್ತಕ. ಶೇಕಡಾ 75ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಸಗಣಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇದು ದುಂಡುಹುಳುವಿನ ಮೊಟ್ಟೆ, ಇದು ಕಾರಲು ಹುಳುವಿನದು ಎಂದು ಗುರುತಿಸಬೇಕು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಉಣ್ಣೆಯಿಂದ ಬರುವ ಜ್ವರದ ಕ್ರಿಮಿಯನ್ನು ಹುಡುಕಬೇಕು.

ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವುದು ಶವಪರೀಕ್ಷೆಯ ಕಟ್ಟೆ. ಸತ್ತ ದನ ಬಂದಾಗ ವಿದ್ಯಾರ್ಥಿಗಳು ಗಂಬೂಟು, ಕೈಚೀಲ ತೊಟ್ಟು ಸುತ್ತ ನಿಲ್ಲುತ್ತಾರೆ. ಆದರೆ ಚಾಕು ಹಾಕುವ ಮುನ್ನ ಒಂದು ನಿಯಮವಿದೆ. ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಆ ದೇಹವನ್ನು ತೆರೆಯಕೂಡದು. ಅದು ನೆರಡಿ ರೋಗವಿರಬಹುದು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿ, ದೇಹವನ್ನು ಸುಡಬೇಕು ಇಲ್ಲವೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ದೇಹ ಸೀಳಿದರೆ ರೋಗಾಣುಗಳು ಮಣ್ಣಿಗೆ ಸೇರಿ ಹತ್ತಾರು ವರ್ಷ ಜೀವ ಹಿಡಿದಿರುತ್ತವೆ. ಮನುಷ್ಯರಿಗೂ ಅಂಟುತ್ತವೆ. ವಿದ್ಯಾರ್ಥಿಗೆ ಮೊದಲು ಹೇಳುವ ಈ ನಿಯಮ ಚರ್ಮ ಸುಲಿಯುವ ಆಸೆಗೆ ಬೀಳುವವರಿಗೂ ತಿಳಿದಿರಬೇಕಾದುದು.

ಆಸ್ಪತ್ರೆಯ ಪಾಠ

ಕೊನೆಯ ಒಂದೂವರೆ ವರ್ಷದ ಪಾಠದಲ್ಲಿ ಔಷಧೋಪಚಾರ, ಶಸ್ತ್ರಚಿಕಿತ್ಸೆ, ಪ್ರಸೂತಿ ಮುಖ್ಯವಾದವು. ವಿದ್ಯಾರ್ಥಿಗಳು ಗುಂಪುಗಳಾಗಿ ಕಾಲೇಜಿನ ಆಸ್ಪತ್ರೆಯಲ್ಲಿ ಸರದಿಯಂತೆ ಕೆಲಸ ಮಾಡುತ್ತಾರೆ. ಹಸುವಿನ ಸಾಧಾರಣ ಮೈಶಾಖ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಎಡ ಹಳ್ಳೆಯ ಮೇಲೆ ಮುಷ್ಟಿಯಿಟ್ಟರೆ ರೂಮೆನ್ ನಿಮಿಷಕ್ಕೆ ಒಂದೆರಡು ಬಾರಿ ಉರುಳುವುದು ತಿಳಿಯಬೇಕು. ಇಂಥವನ್ನು ನೂರು ಆರೋಗ್ಯವಂತ ದನಗಳಲ್ಲಿ ನೋಡಿ ಅಭ್ಯಾಸವಾದ ಮೇಲೆಯೇ ರೋಗದ ದನದಲ್ಲಿ ಏನು ತಪ್ಪಿದೆಯೆಂದು ಕೈಗೆ ಗೊತ್ತಾಗುತ್ತದೆ.

ಭುಜದವರೆಗೆ ಕೈಚೀಲ ತೊಟ್ಟು ಗುದದ್ವಾರದ ಮೂಲಕ ಗರ್ಭಕೋಶವನ್ನು ಮುಟ್ಟಿ ನೋಡುವ ಕೆಲಸ ಎಲ್ಲಕ್ಕಿಂತ ನಿಧಾನವಾಗಿ ಬರುವಂಥದು. ಒಳಗೆ ಕಣ್ಣು ಕೆಲಸ ಮಾಡುವುದಿಲ್ಲ. ಬೆರಳ ತುದಿಯೇ ಕಣ್ಣು. ಮೊದಮೊದಲು ವಿದ್ಯಾರ್ಥಿಗೆ ಸಗಣಿಯ ಹೊರತು ಏನೂ ತಿಳಿಯುವುದಿಲ್ಲ. ಕೈ ಮರಗಟ್ಟುತ್ತದೆ. ಹಲವಾರು ದನಗಳಾದ ಮೇಲೆ ಒಂದು ದಿನ ಎರಡು ಮೂರು ತಿಂಗಳ ಗಬ್ಬ ಬೆರಳಿಗೆ ಸಿಗುತ್ತದೆ. ಆ ದಿನದ ಸಂತೋಷವನ್ನು ಪದವಿ ಪಡೆದು ಮೂವತ್ತು ವರ್ಷವಾದವರೂ ನೆನೆಯುತ್ತಾರೆ.

ಹಾಲು ಜ್ವರದ ಚಿಕಿತ್ಸೆ ಇನ್ನೊಂದು ಪಾಠ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಕರು ಹಾಕಿದ ಒಂದೆರಡು ದಿನದಲ್ಲಿ ಹೆಚ್ಚು ಹಾಲಿನ ಹಸು ಕತ್ತು ತಿರುಗಿಸಿ ಮಲಗಿಬಿಡುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಕುಸಿದಿರುವುದೇ ಕಾರಣ. ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅನೇಕ ವೇಳೆ ನೋಡನೋಡುತ್ತಿದ್ದಂತೆ ಎದ್ದು ನಿಲ್ಲುತ್ತದೆ. ಆದರೆ ಅವಸರದಿಂದ ಹರಿಸಿದರೆ ಹೃದಯವೇ ನಿಲ್ಲಬಹುದು. ಆದುದರಿಂದ ವಿದ್ಯಾರ್ಥಿ ಒಂದು ಕೈಯಲ್ಲಿ ಬಾಟಲಿ ಹಿಡಿದು, ಇನ್ನೊಂದು ಕೈಯಿಂದ ಹೃದಯದ ಬಡಿತ ಕೇಳುತ್ತಾ ಹನಿಹನಿಯಾಗಿ ಕೊಡಲು ಕಲಿಯುತ್ತಾನೆ. “ಬೇಗ ಬಿಡಿ ಸ್ವಾಮಿ, ಬಸ್ಸಿಗೆ ಹೊತ್ತಾಯಿತು” ಎಂದು ಅವಸರಪಡಿಸಬಾರದೇಕೆಂದು ಈಗ ನಿಮಗೆ ತಿಳಿಯಿತಷ್ಟೆ.

ಆಸ್ಪತ್ರೆಯಲ್ಲಿ ಗುರುಗಳು ಪದೇ ಪದೇ ಹೇಳುವ ಮಾತೊಂದಿದೆ. ದನಕ್ಕೆ ಬಾಯಿಲ್ಲ, ರೈತನೇ ಅದರ ಬಾಯಿ. ಯಾವಾಗ ಮೇವು ಬಿಟ್ಟಿತು, ಮೆಲುಕು ಹಾಕಿತೇ, ಸಗಣಿ ಹೇಗಿದೆ, ಎಷ್ಟು ದಿನದ ಬಾಣಂತಿ, ಹೊಸ ಮೇವು ಹಾಕಿದಿರಾ, ಬೇರೆ ಯಾರಾದರೂ ಔಷಧಿ ಕೊಟ್ಟರೇ ಎಂದು ಕೇಳುವುದೇ ಅರ್ಧ ಚಿಕಿತ್ಸೆ. ಅನೇಕರು ಕೊನೆಯ ಪ್ರಶ್ನೆಗೆ ಮಾತ್ರ ನಿಜ ಹೇಳುವುದಿಲ್ಲ. ಊರಿನ ನಾಟಿ ಮದ್ದು ಕುಡಿಸಿದ್ದನ್ನೂ, ಅಂಗಡಿಯಿಂದ ತಂದ ಸೂಜಿಮದ್ದು ಚುಚ್ಚಿಸಿದ್ದನ್ನೂ ಬೈದಾರೆಂಬ ಅಂಜಿಕೆಯಿಂದ ಮುಚ್ಚಿಡುತ್ತಾರೆ. ಅದರ ಮೇಲೆ ಇನ್ನೊಂದು ಔಷಧಿ ಬಿದ್ದು ದನ ಸತ್ತರೆ ನಷ್ಟ ರೈತನಿಗೇ.

ಹಾಸ್ಟೆಲಿನ ಬಾಳು

ಓದೊಂದೇ ಅಲ್ಲ, ಅಲ್ಲಿ ಐದು ವರ್ಷ ಬಾಳಬೇಕು. ಬೀದರಿನ ಹುಡುಗನೂ ಕೊಡಗಿನ ಹುಡುಗನೂ ಒಂದೇ ಕೋಣೆಯಲ್ಲಿರುತ್ತಾರೆ. ಒಬ್ಬನಿಗೆ ಜೋಳದ ರೊಟ್ಟಿ ಬೇಕು, ಇನ್ನೊಬ್ಬನಿಗೆ ಅನ್ನ, ಮತ್ತೊಬ್ಬನಿಗೆ ಮುದ್ದೆ. ಮೆಸ್ಸಿನ ಸಾರಿನ ಬಗ್ಗೆ ಮಾತ್ರ ಎಲ್ಲರದೂ ಒಂದೇ ಅಭಿಪ್ರಾಯ. ಮೇಜಿನ ಮೇಲೆ ಪುಸ್ತಕದ ಪಕ್ಕದಲ್ಲಿ ಎಲುಬು ಇಟ್ಟುಕೊಂಡು ನಡುರಾತ್ರಿಯವರೆಗೆ ಓದುತ್ತಾರೆ. ಊರಿಂದ ಬಂದ ತಂದೆ ತಾಯಿ ಮೊದಲ ಸಲ ಅದನ್ನು ನೋಡಿ ಬೆಚ್ಚುವುದುಂಟು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ವರ್ಷ ಬಲು ಕಷ್ಟ. ಪುಸ್ತಕಗಳೆಲ್ಲ ಇಂಗ್ಲಿಷಿನವು. ಎಲುಬು, ನರಗಳ ಹೆಸರು ಲ್ಯಾಟಿನ್ನಿನವು. ಹಳ್ಳಿಯ ಶಾಲೆಯಲ್ಲಿ ಮೊದಲಿಗನಾಗಿದ್ದವನು ಇಲ್ಲಿ ಮೊದಲ ಪರೀಕ್ಷೆಯಲ್ಲಿ ನಪಾಸಾಗಿ ಕುಗ್ಗಿ ಹೋಗಬಹುದು. ಅಂಥ ಹೊತ್ತಿನಲ್ಲಿ “ಇಷ್ಟು ಖರ್ಚು ಮಾಡಿದೆವು” ಎಂದು ಮನೆಯಿಂದ ಫೋನಿನಲ್ಲಿ ಗದರಿದರೆ ಹುಡುಗನ ಮನಸ್ಸು ಇನ್ನೂ ಮುದುಡುತ್ತದೆ. ಮೊದಲ ವರ್ಷ ಎಡವಿ ಮುಂದೆ ಒಳ್ಳೆಯ ವೈದ್ಯರಾದವರು ಬಹಳ ಮಂದಿ ಇದ್ದಾರೆ. ತಾಳ್ಮೆಯಿಂದ ನಾಲ್ಕು ಒಳ್ಳೆಯ ಮಾತು ಹೇಳಿ.

ಇನ್ನು ಹೆಣ್ಣುಮಕ್ಕಳ ವಿಷಯ. ಹಿಂದೆ ಒಂದು ತರಗತಿಯಲ್ಲಿ ಒಬ್ಬರೋ ಇಬ್ಬರೋ ಇದ್ದರು. ಈಗ ತರಗತಿಯ ಯಾವ ಬೆಂಚು ನೋಡಿದರೂ ಹೆಣ್ಣುಮಕ್ಕಳಿದ್ದಾರೆ. ಅವರ ಕೈಲಾದೀತೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಮುಂಜಾನೆ ಎದ್ದು ಎಮ್ಮೆ ಕರೆಯುವವರು ಯಾರು? ಕರು ಹಾಕುವ ರಾತ್ರಿ ಲಾಟೀನು ಹಿಡಿದು ಕೊಟ್ಟಿಗೆಯಲ್ಲಿ ಕೂತವರು ಯಾರು? ದನವನ್ನು ಬಲದಿಂದ ಗೆಲ್ಲಲು ಗಂಡಸಿನಿಂದಲೂ ಆಗದು. ಹಗ್ಗ, ಚೌಕಟ್ಟು, ಅರಿವಳಿಕೆ, ಜಾಣ್ಮೆ ಇವುಗಳಿಂದ ಗೆಲ್ಲಬೇಕು. ಅಡ್ಡಲಾದ ಕರುವನ್ನು ಒಳಗೇ ತಿರುಗಿಸುವಾಗ ಸಣ್ಣ ಕೈ ಎಷ್ಟೋ ಸಲ ಅನುಕೂಲವೇ ಆಗುತ್ತದೆ.

ತರಬೇತಿಯ ವರ್ಷ

ಪಾಠ ಮುಗಿದ ಮೇಲೆ 12 ತಿಂಗಳ ತರಬೇತಿ. ಆಸ್ಪತ್ರೆ, ಪಶುಪಾಲನಾ ಕ್ಷೇತ್ರ, ಹಳ್ಳಿಯ ಚಿಕಿತ್ಸಾಲಯ, ಮೃಗಾಲಯ ಮುಂತಾದ ಕಡೆ ಕೆಲಸ ಮಾಡಬೇಕು. ನಿಮ್ಮ ಊರಿಗೆ ವೈದ್ಯಾಧಿಕಾರಿಯ ಹಿಂದೆ ಪೆಟ್ಟಿಗೆ ಹಿಡಿದು ಬರುವ ಎಳೆಯ ಮುಖಗಳು ಇವರವೇ. ಕಾಲುಬಾಯಿ ಜ್ವರದ ಲಸಿಕೆಯ ಕಾಲದಲ್ಲಿ ಮನೆಮನೆ ತಿರುಗುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹಬ್ಬಿ ದನಗಳ ಮೈಯೆಲ್ಲ ಗಂಟು ಎದ್ದಾಗ, ಪುಸ್ತಕದಲ್ಲಿ ಒಂದು ಪುಟದಷ್ಟೇ ಓದಿದ್ದ ರೋಗವನ್ನು ಇವರ ವಯಸ್ಸಿನವರು ಕೊಟ್ಟಿಗೆಗಳಲ್ಲಿ ಎದುರಿಸಬೇಕಾಯಿತು.

ತರಬೇತಿ ಮುಗಿಸಿ ಪಶುವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ವೈದ್ಯರು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯಿದೆ ಹೀಗೆ ಗೊತ್ತುಪಡಿಸಿದೆ. ಸೂಜಿ ಹಿಡಿದು ಬಂದವರೆಲ್ಲ ಡಾಕ್ಟರಲ್ಲ ಎಂಬುದನ್ನು ನೀವು ನೆನಪಿಡಬೇಕು.

ಅಲ್ಲಿನ ಕಷ್ಟಗಳು

ಸಿಹಿಯನ್ನಷ್ಟೇ ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ಈ ಓದಿನಲ್ಲಿ ಅಪಾಯವಿದೆ. ಒದೆ, ತಿವಿತ, ಕಚ್ಚುವಿಕೆಗಳ ಜೊತೆಗೆ ಪ್ರಾಣಿಯಿಂದ ಅಂಟುವ ರೋಗಗಳಿವೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರಿಲ್ಲ. ಹುಚ್ಚು ಹಿಡಿದ ಹಸು ಗಂಟಲಲ್ಲಿ ಏನೋ ಸಿಕ್ಕಿದಂತೆ ಜೊಲ್ಲು ಸುರಿಸುತ್ತದೆ. ಬರಿಗೈಯನ್ನು ಬಾಯಿಗೆ ಹಾಕಿದವರಿಗೆ ಅಪಾಯ. ಆದುದರಿಂದ ವಿದ್ಯಾರ್ಥಿಗಳು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಂಡಿರಬೇಕು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದರೆ ಬ್ರುಸೆಲ್ಲಾ ಜ್ವರ ಅಂಟಿ ತಿಂಗಳುಗಟ್ಟಲೆ ಕಾಡುತ್ತದೆ.

ಮನಸ್ಸಿನ ಕಷ್ಟ ಇನ್ನೊಂದು ಬಗೆಯದು. ರಾತ್ರಿಯೆಲ್ಲ ಕಾದ ದನ ಬೆಳಿಗ್ಗೆ ಸಾಯುತ್ತದೆ. ಇಪ್ಪತ್ತೆರಡು ವರ್ಷದ ಹುಡುಗಿ ಆ ಸುದ್ದಿಯನ್ನು ಸಾಲ ಮಾಡಿ ದನ ಕೊಂಡ ರೈತನಿಗೆ ಹೇಳಬೇಕು. ಅದಕ್ಕೆ ಯಾವ ಪುಸ್ತಕವೂ ಇಲ್ಲ. ಜೊತೆಗೆ ನೆಂಟರ ಮನೆಯಲ್ಲಿ “ಡಾಕ್ಟರ್ ಓದುತ್ತಿದ್ದಾನಂತೆ, ಮನುಷ್ಯರದೋ ದನದ್ದೋ?” ಎಂಬ ಕೊಂಕು. ಈ ಕೊಂಕು ನುಡಿಯುವವರು ಬೆಳಗಿನ ಕಾಫಿಗೆ ಹಾಲು ಹಾಕಿಯೇ ಕುಡಿಯುತ್ತಾರೆ. ರೈತರಾದ ನಾವಾದರೂ ದನದ ಡಾಕ್ಟರೆಂಬ ಮಾತನ್ನು ಗೌರವದಿಂದ ಆಡೋಣ.

ಪದವಿ ಪಡೆದವರಿಗೆ ಸರ್ಕಾರದ ಪಶುಪಾಲನಾ ಇಲಾಖೆ, ಹಾಲು ಒಕ್ಕೂಟ, ಕೋಳಿ ಉದ್ಯಮ, ಬ್ಯಾಂಕು, ಸೈನ್ಯದ ಪಶುವೈದ್ಯಕೀಯ ದಳ, ಸಂಶೋಧನೆ ಹೀಗೆ ಹಲವು ದಾರಿಗಳಿವೆ. ಆದರೆ ಸರ್ಕಾರಿ ನೇಮಕ ಪ್ರತಿ ವರ್ಷ ಆಗುವುದಿಲ್ಲ. ಕಾಯಬೇಕಾಗಬಹುದು. ಪೇಟೆಯಲ್ಲಿ ನಾಯಿ ಬೆಕ್ಕುಗಳ ಚಿಕಿತ್ಸೆಗೆ ಹಣ ಚೆನ್ನಾಗಿರುವುದರಿಂದ ಅತ್ತ ಒಲಿಯುವವರು ಹೆಚ್ಚುತ್ತಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಹಳ್ಳಿಯಲ್ಲಿ ವೈದ್ಯನಿಗೆ ಮರ್ಯಾದೆ, ದನ ಕಟ್ಟಲು ಚೌಕಟ್ಟು, ಸಮಯಕ್ಕೆ ಸರಿಯಾದ ಕರೆ ಇವು ಸಿಕ್ಕರೆ ಉಳಿಯುವವರೂ ಇದ್ದಾರೆ.

ವಿದ್ಯಾರ್ಥಿ ನಿಮ್ಮ ಕೊಟ್ಟಿಗೆಗೆ ಬಂದಾಗ

ನೀವು ಮಾಡಬಹುದಾದ ಕೆಲಸಗಳು ಸುಲಭವಾದವು.

1. ದನವನ್ನು ಹಿಡಿದು ಕಟ್ಟಿ, ಹತ್ತಿರ ನಿಲ್ಲಿ. ನಿಮ್ಮ ಧ್ವನಿ ಕೇಳಿದರೆ ದನ ಅರ್ಧ ಶಾಂತವಾಗುತ್ತದೆ. ಒದೆಯುವ, ತಿವಿಯುವ ಅಭ್ಯಾಸವಿದ್ದರೆ ಮೊದಲೇ ಹೇಳಿ.

2. ಬೆದೆಗೆ ಬಂದ ದಿನ, ಕರು ಹಾಕಿದ ದಿನ, ಲಸಿಕೆ ಹಾಕಿಸಿದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಾದರೂ ಗುರುತು ಮಾಡಿಡಿ. ಬೆದೆ 21 ದಿನಕ್ಕೊಮ್ಮೆ, ಹಸುವಿನ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಈ ಗುರುತಿದ್ದರೆ ವೈದ್ಯರ ಊಹೆ ತಪ್ಪುತ್ತದೆ, ನಿಮ್ಮ ಹಣ ಉಳಿಯುತ್ತದೆ.

3. ಮೊದಲು ಕೊಟ್ಟ ಔಷಧಿ ಯಾವುದೇ ಇರಲಿ, ಮುಚ್ಚಿಡಬೇಡಿ. ಖಾಲಿ ಬಾಟಲಿ ಇದ್ದರೆ ತೋರಿಸಿ.

4. ಗೊಟ್ಟದಲ್ಲಿ ಔಷಧಿ ಕುಡಿಸುವಾಗ ನಾಲಿಗೆ ಹೊರಗೆಳೆಯಬೇಡಿ, ತಲೆಯನ್ನು ಅತಿಯಾಗಿ ಮೇಲೆತ್ತಬೇಡಿ. ಔಷಧಿ ಶ್ವಾಸಕೋಶಕ್ಕೆ ಹೋದರೆ ರೋಗಕ್ಕಿಂತ ಮದ್ದೇ ಕೊಲ್ಲುತ್ತದೆ.

5. ಮಾಸು ಬೀಳದಿದ್ದರೆ ಬಲವಾಗಿ ಎಳೆಯಬೇಡಿ, ಕಲ್ಲು ಕಟ್ಟಬೇಡಿ. ವೈದ್ಯರನ್ನು ಕರೆಯಿರಿ.

6. ಕೈ ತೊಳೆಯಲು ಒಂದು ಬಕೆಟ್ ನೀರು, ಸೋಪು ಸಿದ್ಧವಾಗಿಡಿ. ಇದು ಉಪಚಾರವಲ್ಲ, ನಿಮ್ಮ ಕೊಟ್ಟಿಗೆಯ ರೋಗ ಪಕ್ಕದ ಮನೆಗೆ ಹೋಗದಂತೆ ತಡೆಯುವ ಉಪಾಯ.

7. ಔಷಧಿಯ ನಂತರ ಎಷ್ಟು ದಿನ ಹಾಲು ಮಾರಬಾರದೆಂದು ಕೇಳಿ ತಿಳಿದು ಅದರಂತೆ ನಡೆಯಿರಿ.

8. ಹಿರಿಯ ವೈದ್ಯರ ಎದುರಿನಲ್ಲಿ ವಿದ್ಯಾರ್ಥಿ ನಿಮ್ಮ ಹಸುವನ್ನು ಪರೀಕ್ಷಿಸಲು ಕೇಳಿದರೆ ಬೇಡವೆನ್ನಬೇಡಿ. ಇಂದು ನಿಮ್ಮ ಹಸುವಿನ ಮೇಲೆ ಕಲಿತ ಕೈಯೇ ನಾಳೆ ಯಾವುದೋ ಊರಿನಲ್ಲಿ ನಡುರಾತ್ರಿ ಒಂಟಿಯಾಗಿ ಕರು ತೆಗೆಯಬೇಕಾಗಿದೆ.

ಯಾರನ್ನು ಕಳಿಸಬೇಕು?

ಅಂಕ ಬಂದಿದೆಯೆಂದು, ಮನುಷ್ಯರ ವೈದ್ಯಕೀಯ ಸಿಗಲಿಲ್ಲವೆಂದು ಮಾತ್ರ ಮಕ್ಕಳನ್ನು ಇಲ್ಲಿಗೆ ತಳ್ಳಬೇಡಿ. ಮನಸ್ಸಿಲ್ಲದೆ ಬಂದವರು ಐದೂವರೆ ವರ್ಷ ತಾವೂ ಕೊರಗುತ್ತಾರೆ, ಮುಂದೆ ದನಗಳನ್ನೂ ಕಾಯಿಸುತ್ತಾರೆ. ಸೇರುವ ಮುನ್ನ ಹತ್ತಿರದ ಪಶು ಆಸ್ಪತ್ರೆಗೆ ನಾಲ್ಕು ದಿನ ಕಳಿಸಿ, ವೈದ್ಯರ ಜೊತೆ ನಿಂತು ನೋಡಲಿ. ರಕ್ತ, ಕೀವು, ಸಗಣಿ ನೋಡಿ ಮುಖ ತಿರುಗಿಸಿದರೆ ಚಿಂತೆಯಿಲ್ಲ, ಅದು ರೂಢಿಯಾಗುತ್ತದೆ. ಆದರೆ ನರಳುವ ದನವನ್ನು ನೋಡಿಯೂ ಕಾಲು ತೆಗೆದು ಮನೆಗೆ ಬರುವವರಿಗೆ ಈ ಓದು ಹೊಂದುವುದಿಲ್ಲ. ಅಷ್ಟು ದೀರ್ಘ ಓದು ಬೇಡವೆನ್ನುವವರಿಗೆ ಎಸ್.ಎಸ್.ಎಲ್.ಸಿ. ನಂತರ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ. ಅದರಿಂದ ವೈದ್ಯರಾಗಲು ಬಾರದು, ಆದರೆ ಮನೆಯ ಹೈನುಗಾರಿಕೆಗೂ ಸಹಾಯಕ ಹುದ್ದೆಗಳಿಗೂ ಅದು ನೆರವಾಗುತ್ತದೆ.

ಹಟ್ಟಿಯಲ್ಲಿ ಕರುವಿಗೆ ಜ್ವರ ಬಂದರೆ ರಾತ್ರಿ ಎರಡು ಸಲ ಎದ್ದು ಹೋಗಿ ನೋಡುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ, ಓದಿನಲ್ಲಿಯೂ ಶ್ರದ್ಧೆಯಿದ್ದರೆ, ಹಿಂದೆಮುಂದೆ ನೋಡದೆ ಅರ್ಜಿ ಹಾಕಿಸಿ. ಅಂಥವರು ಒಬ್ಬರು ಪದವಿ ಪಡೆದು ಬಂದರೆ ಸುತ್ತಿನ ಹತ್ತು ಊರುಗಳ ಕೊಟ್ಟಿಗೆಗಳಿಗೆ ಆಸರೆಯಾಗುತ್ತಾರೆ.